ಕರೆದವಳ ತಪ್ಪು

ನೋರ್‌ಬೀನ್, ಹೆಲ್ಸಿಂಗ್‌ಲ್ಯಾಂಡ್
ಮಾರ್ಚ್ 6, 1849

ಪ್ರೀತಿಯ ಹಾಲ್ವರ್ ಅಣ್ಣಾ,

ಪ್ರೀತಿಯ ಎಂದು ಬರೆದದ್ದು ರೂಢಿಗೆ, ಸದ್ಯಕ್ಕೆ ಹಾಗೇ ಇರಲಿ. ಹೇಗಿದ್ದೀಯ? ಎಡಗಿವಿ ಕೇಳಿಸುತ್ತಿದೆಯೇ? ಸೌದೆಯಿಂದ ಬಾರಿಸಿದವಳು ನಾನೇ ಆದರೂ ಕೀವು ಕಟ್ಟದಿರಲಿ ಎಂದು ಬೇಡಿಕೊಳ್ಳುತ್ತೇನೆ. ಮರ ಕಡಿಯುವ ಕೂಪಿನಲ್ಲಿ ಚಳಿ ಹೆಚ್ಚಂತೆ, ಬಿಸಿ ಎಣ್ಣೆ ಹಾಕಿಸಿಕೋ. ಇಲ್ಲಿ ನನ್ನ ಗಂಡ ಜಾಕೋಬ್‌ಗೆ ಪಕ್ಕೆಲುಬು ಇನ್ನೂ ನೋಯುತ್ತಿದೆ. ಮಗಳು ಯೋಲಿನ್ ಯಾರಾದರೂ ಬಾಗಿಲು ಬಡಿದರೆ ಮೇಜಿನಡಿಗೆ ನುಗ್ಗುತ್ತಾಳೆ. ಸೋದರಮಾವನ ಉಡುಗೊರೆ ಅದು.

ಆ ಭಾನುವಾರದ ಕಥೆಯನ್ನು ಕೂಪಿನವರಿಗೆ ನಿನ್ನ ಥರ ಹೇಳಿರುತ್ತೀಯ, ನನ್ನದನ್ನೂ ಕೇಳು. ಮನೆಯವರಷ್ಟೇ ಕೂತು ಬೈಬಲ್ ಓದಿ ಹಾಡಿದರೆ ಭಕ್ತಿ, ಹೊರಗಿನವರೊಬ್ಬರು ಬಂದು ಕೂತರೆ ಅಪರಾಧ. ಈ ಕಾನೂನು ನನಗೂ ಗೊತ್ತಿತ್ತು. ಗೊತ್ತಿದ್ದೇ ಸಿಗ್ರಿಡ್‌ಳನ್ನು ಕರೆದೆ. ಗಂಡ ಕೆರೆಯ ಮಂಜುಗಡ್ಡೆ ಒಡೆದು ಮುಳುಗಿದ ಮೇಲೆ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಊರ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದಳು, ಪಾದ್ರಿಯೂ ಏನಮ್ಮಾ ಎನ್ನಲಿಲ್ಲ. ನಮ್ಮ ಒಲೆಯ ಮುಂದೆ, ಮೂರನೆಯ ವಾರ, ಬಾಯಿಬಿಟ್ಟು ಹಾಡಿದಳು. ನಾನು ಅತ್ತುಬಿಟ್ಟೆ. ಇಂಥದ್ದಕ್ಕೆ ಕರೆಯದೆ ಇನ್ನೇತಕ್ಕೆ ಕರೆಯಬೇಕು, ನೀನೇ ಹೇಳು.

ಅಷ್ಟರಲ್ಲಿ ಫೌಜುದಾರನ ಜೊತೆ ನೀನೂ ನಿನ್ನ ಇಬ್ಬರು ಗೆಳೆಯರೂ ಬಾಗಿಲು ಮುರಿದು ನುಗ್ಗಿದಿರಿ. ಅಡ್ಡ ಬಂದ ಜಾಕೋಬ್‌ನನ್ನು ಕೆಡವಿ ಒದ್ದಿರಿ. ಫೌಜುದಾರ ಒಬ್ಬೊಬ್ಬರತ್ತ ಬೆರಳು ತೋರಿಸಿ ಯಾರೆಂದು ಕೇಳಿದ. ಸಿಗ್ರಿಡ್‌ಳ ಸರದಿ ಬಂದಾಗ, ಇವಳು ನನ್ನ ತಂಗಿ ಎಂದುಬಿಟ್ಟೆ ನಾನು. ಬೈಬಲ್ ಎದುರಿಗಿಟ್ಟುಕೊಂಡು ಸುಳ್ಳು. ಅದನ್ನು ದೇವರ ಹತ್ತಿರ ನಾನು ನೋಡಿಕೊಳ್ಳುತ್ತೇನೆ. ಅವನು ಬೇರೆ ಊರಿನವನು, ನಂಬುತ್ತಿದ್ದ. ನೀನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. "ನಂಗಿರೋದು ಒಬ್ಳೇ ತಂಗಿ, ಸಾಹೇಬ್ರೇ. ಇವ್ಳು ನೇಯೋ ಸಿಗ್ರಿಡ್" ಅಂದೆ ನೀನು. ಆಮೇಲೆ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಹೊಸಿಲಿನಾಚೆ ಎಳೆದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಬೆರಳುಗಳ ಮೇಲೆ ದೊಣ್ಣೆ ಬೀಸಿದೆ, ಒಂದಲ್ಲ, ನಾಲ್ಕು ಏಟು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಆಗಲೇ ನಾನು ಸೌದೆ ಎತ್ತಿದ್ದು. ಇನ್ನೊಂದು ಏಟು ಬಿದ್ದಿದ್ದರೆ ನೀನು ಉಳಿಯುತ್ತಿರಲಿಲ್ಲ, ಹಾಕಬೇಕೆಂದೇ ಇತ್ತು. ನೆಲದಲ್ಲಿ ಬಿದ್ದಿದ್ದ ಜಾಕೋಬ್ ನನ್ನ ಕಾಲು ಬಿಗಿಯಾಗಿ ಹಿಡಿದುಕೊಂಡ. ಸಿಗ್ರಿಡ್‌ಳ ಎರಡು ಬೆರಳು ಇನ್ನು ಮಡಚುವುದಿಲ್ಲ. ಮಗ್ಗವೇ ಅವಳ ಹೊಟ್ಟೆಪಾಡಾಗಿತ್ತು.

ಕರೆದವಳು ನಾನೆಂದು ನನಗೆ ಹದಿನಾಲ್ಕು ದಿನ ಸೆರೆ, ಬರೀ ರೊಟ್ಟಿ ನೀರು. ಸೋಮವಾರ ಹೋಗಬೇಕು. ಅಲ್ಲಿಂದ ಬದುಕಿ ಬಾರದವರೂ ಇದ್ದಾರೆ, ನಿನಗೇ ಗೊತ್ತು. ನಿನ್ನನ್ನು ಬೈಯಲೆಂದೇ ಕಾಗದ ತಂದಿಟ್ಟಿದ್ದೆ, ಬೈದಾಯಿತು. ಮೈ ಹುಷಾರು. ದೇವರು ನಿನ್ನನ್ನು ಕಾಪಾಡಲಿ, ನನ್ನ ಕೈಯಿಂದಲೂ.

ಇಂತಿ ನಿನ್ನ ತಂಗಿ,
ಮಾರಿತ್

ಮರೆತ ಮಾತು: ಕಾಗದ ಒಯ್ಯುವ ಗಾಡಿಯವನು ಹೊರಗೆ ಕೂಗುತ್ತಿದ್ದಾನೆ. ಸಿಗ್ರಿಡ್ ಪಕ್ಕದಲ್ಲೇ ಕೂತಿದ್ದಾಳೆ. ನಾನು ಸೆರೆಗೆ ಹೋಗುವ ಮುಂಚೆ, ಈ ಭಾನುವಾರ, ಮತ್ತೆ ಎಲ್ಲರೂ ಕೂತು ಓದುತ್ತೇವೆ. ನಿನ್ನನ್ನೂ ಕರೆಯಬೇಕು ಎನ್ನುತ್ತಾಳೆ. ನಿನಗೇನು ಹುಚ್ಚೇ ಎಂದು ಅವಳನ್ನು ಕೇಳಿದೆ. "ಕರೀದೇ ಬಂದಾಗ ಹೊಡ್ದ. ಕರೆದ್ರೆ ಏನ್ಮಾಡ್ತಾನೋ ನೋಡೋಣ" ಅಂದಳು. ನಾನಾಗಿದ್ದರೆ ಕರೆಯುತ್ತಿರಲಿಲ್ಲ. ಹತ್ತು ಗಂಟೆಗೆ ಶುರು. ಬಾ, ಅಣ್ಣಾ.