ಬಲಗೈಯ ರೂಢಿ

ಅಪ್ಪಾ,

ನೀವು ತೀರಿಕೊಂಡು ಆರು ವರ್ಷವಾಯಿತು. ಇದನ್ನು ಎಲ್ಲಿಗೂ ಕಳಿಸುವಂತಿಲ್ಲ. ಆದರೂ ಇಂದು ನಡೆದದ್ದನ್ನು ನಿಮಗೇ ಹೇಳಬೇಕು.

ಬೈಲಹೊಂಗಲದ ಹತ್ತಿ ಮಿಲ್ಲಿನಲ್ಲಿ ನನ್ನ ಬಲಗೈ ಯಂತ್ರಕ್ಕೆ ಸಿಕ್ಕಿತ್ತು. ಪರಿಹಾರ ನಿಗದಿ ಮಾಡಲು, ಆ ಕೈ ಎಷ್ಟು ಕೆಟ್ಟಿದೆಯೆಂದು ಇಂದು ಡಾಕ್ಟರು ಪರೀಕ್ಷಿಸಿದರು. ಮುಷ್ಟಿ ಕಟ್ಟಲು ಹೇಳಿದರು. ಮೂರು ಬೆರಳು ಮಡಚಲು ಆಗಲೇ ಇಲ್ಲ. ಅವರು ಬರೆದುಕೊಳ್ಳುತ್ತಿದ್ದಾಗ, ಅಲ್ಲಿಗೆ ಬಂದಿದ್ದ ಮಿಲ್ಲಿನ ಮ್ಯಾನೇಜರು ಜೇಬಿನಿಂದ ಪೊಟ್ಟಣ ತೆಗೆದರು.

"ಎಲ್ಲಮ್ಮನ ಗುಡ್ಡಕ್ಕ ಹೋಗಿದ್ನಿ. ಪ್ರಸಾದ ತಗೋ, ಕಸ್ತೂರೆವ್ವಾ."

ನಾನು ಯೋಚಿಸಲಿಲ್ಲ. ಬಲಗೈ ಚಾಚಿದೆ. ಹೆಬ್ಬೆರಳು, ಕಿರುಬೆರಳ ನಡುವೆ ಕೊಬ್ಬರಿ ಚೂರು ಹಿಡಿದು ಕಣ್ಣಿಗೊತ್ತಿಕೊಂಡೆ. ನೋವು ಮೊಣಕೈವರೆಗೆ ಏರಿತು, ಆದರೆ ಚೂರು ಬೀಳಲಿಲ್ಲ.

"ನೋಡ್ರಿ ಸಾಹೇಬ್ರ, ಹಿಡಿತೈತಲ್ರಿ ಕೈ!" ಎಂದರು ಮ್ಯಾನೇಜರು.

ಡಾಕ್ಟರು ತಲೆಯೆತ್ತಿದರು. ಬರೆದದ್ದನ್ನು ಹೊಡೆದುಹಾಕಿ ಬೇರೇನೋ ಬರೆದರು. ಏನೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ನಾಡಿದ್ದು ವಿಚಾರಣೆ. ಅಲ್ಲಿಯೂ ಯಾರಾದರೂ ಏನಾದರೂ ಕೊಟ್ಟಾರು. ಸಂಜೆಯಿಂದ ಮಗಳು ನೀರಿನ ಲೋಟ ಕೊಡುತ್ತಿದ್ದಾಳೆ, ನಾನು ಎಡಗೈಯಲ್ಲಿ ತೆಗೆದುಕೊಳ್ಳುವುದನ್ನು ಕಲಿಯುತ್ತಿದ್ದೇನೆ. ಪ್ರತಿ ಸಲವೂ ಬಲಗೈಯೇ ಮುಂದೆ ಹೋಗುತ್ತದೆ.

ಚಿಕ್ಕವಳಿದ್ದಾಗ ಎಡಗೈ ಚಾಚಿದರೆ ಬೆರಳ ಗಂಟಿನ ಮೇಲೆ ಬಾರಿಸುತ್ತಿದ್ದಿರಿ. ಇದನ್ನು ಆ ಕೈಯಿಂದಲೇ ಬರೆದೆ ಅಪ್ಪಾ. ಬರೆದು ಮುಗಿಸುವವರೆಗೂ ಏಟು ಬೀಳುತ್ತದೆಂದು ಹೆದರುತ್ತಲೇ ಇದ್ದೆ.