ಬಿಚ್ಚದೆ ಮರಳಿದ ಮೀನಿನ ಪೆಟ್ಟಿಗೆ

ಜೆಜು ದ್ವೀಪ

ಪ್ರವಾಸಿ ದೋಣಿಗಳ ದೊಡ್ಡ ಸಾಹುಕಾರ ಗ್ಯುಬೊಕ್‌ಗೆ,

ನೀನು ಕಳಿಸಿದ ಒಣಮೀನಿನ ಪೆಟ್ಟಿಗೆಯನ್ನು ಬಿಚ್ಚದೆ ಹಿಂದಕ್ಕೆ ಕಳಿಸಿದ್ದೇನೆ. "ದೊಡ್ಡಮ್ಮಾ, ನಿಮ್ಮ ಮಗಳು ನಮ್ ದೋಣಿ ಮೇಲಿನ ವರದೀನ ಸ್ವಲ್ಪ ಮೆತ್ತಗೆ ಬರೀಲಿ" ಅಂದೆಯಲ್ಲ, ಅವಳಿಗೆ ಹೇಳಿದೆ. ಕಡಲ ವಿಜ್ಞಾನಿಯಲ್ಲವೇ, ನಕ್ಕುಬಿಟ್ಟಳು. "ಅಮ್ಮಾ, ಎಂಜಿನ್ ಸದ್ದಲ್ಲಿ ತಾಯಿ ಡಾಲ್ಫಿನ್‌ಗೆ ಮರಿ ಕೂಗೋದೇ ಕೇಳ್ಸಲ್ಲ. ಅದನ್ನ ಮೆತ್ತಗೆ ಹೆಂಗೆ ಬರೀಲಿ?"

ಜನರನ್ನು ತುಂಬಿಕೊಂಡು ಡಾಲ್ಫಿನ್‌ಗಳನ್ನು ಅಟ್ಟಾಡಿಸುವ ದೋಣಿಗೆ ನೀನು 'ಪ್ರಕೃತಿಪ್ರೇಮಿ' ಎಂದು ಹೆಸರಿಟ್ಟಿದ್ದೀಯ. ಬೆಕ್ಕಿಗೂ ಇಲಿಯ ಮೇಲೆ ಇಂಥದೇ ಪ್ರೇಮ. ಚಿಪ್ಪು ಹೆಕ್ಕಲು ಮುಳುಗುವ ನಾವು "ಕೆಳಗೆ ಹೋಗ್ರೋ, ಕೆಳಗೆ!" ಎಂದು ಕೂಗಿದರೆ ಡಾಲ್ಫಿನ್‌ಗಳು ನಮ್ಮ ಕಾಲಡಿಯಲ್ಲಿ ಹಾದುಹೋಗುತ್ತವೆ. ಅಷ್ಟು ಮರ್ಯಾದೆ ನಿನಗೆ ಬರಲಿಲ್ಲ.

ನಿನ್ನೆ ಮುಳುಗಿ ಬಂದವರೆಲ್ಲ ಬೆಂಕಿಯ ಸುತ್ತ ಕೂತಾಗ, ದೋಣಿ ಕಟ್ಟುವ ನಮ್ಮ ಧಕ್ಕೆಯಲ್ಲಿ ನಿನ್ನ ದೋಣಿ ಇರಬೇಕೇ ಎಂದು ನಾನು ಕೇಳಿದೆ. ನಮ್ಮ ಜೊತೆಯೇ ಮುಳುಗುವ ನಿನ್ನ ಅಮ್ಮನ ಮುಖವನ್ನು ಎಲ್ಲರೂ ನೋಡಿದರು. ಅವಳೇ ಕೈ ಕಾಯಿಸುತ್ತಾ ಹೇಳಿದಳು: "ನನ್ ಮಗ ಅಂತ ನೋಡ್ಬೇಡಿ. ಹಗ್ಗ ಬಿಚ್ಚಿ."

ನಾಳೆ ದೋಣಿ ತೆಗೆದುಕೊಂಡು ಹೋಗು. ಅದಕ್ಕೆ ಮೊದಲು ಈ ಮೀನು ಹಾಕಿ ಗಂಜಿ ಮಾಡಿ ಅಮ್ಮನಿಗೆ ಉಣ್ಣಿಸು. ಆ ಮಾತು ಆಡಿದಾಗಿನಿಂದ ಅವಳು ಏನೂ ತಿಂದಿಲ್ಲ.

ಬು ಮಾಲ್ಸುನ್
ಮುಳುಗುವ ಹೆಂಗಸರ ಹಿರಿಯಳು