ತೆಗಿಯಮ್ಮಾ, ತೆಗಿ

ಮಂಗಳವಾರ, ಜೂನ್ 17, ಆಂಡರ್ಸನ್‌ಪೇಟೆ

ಆ ಕೂಗು ಕಿವಿ ಬಿಟ್ಟು ಹೋಗ್ತಿಲ್ಲ.

ಬೆಳಿಗ್ಗೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಗೋಮಾಳದ ಬೇಲಿ ವಿಷಯಕ್ಕೆ ಎರಡು ಗುಂಪು ಕಲ್ಲು ತೂರಾಡಿದವು. ಪೇಪರಿಗೆ ಫೋಟೋ ತೆಗೆಯೋಕೆ ಹೋಗಿದ್ದೆ. ಹೆಲ್ಮೆಟ್ ಹಾಕ್ಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ತಲೆ ಉಳಿಸಿಕೊಳ್ಳೋದು ನನಗೆ ಚೆನ್ನಾಗಿ ಗೊತ್ತು. ಮುನೀಂದ್ರ ಅನ್ನೋನು ಕಲ್ಲೆತ್ತಿದ, ಕ್ಲಿಕ್ಕಿಸಿದೆ. ಅವನ ತಾಯಿ ಚಿಕ್ಕವೆಂಕಟಮ್ಮ ಓಡಿ ಬಂದು, "ಫೋಟೋ ತೆಗಿಯಮ್ಮಾ, ತೆಗಿ!" ಅಂತ ಕೂಗಿದಳು. ಊರಿನ ಕಷ್ಟ ಪೇಪರಲ್ಲಿ ಬರಲಿ ಅಂತಿದ್ದಾಳೆ ಅಂದುಕೊಂಡು ಇನ್ನೂ ನಾಲ್ಕು ತೆಗೆದೆ. ಅಲ್ಲಿಂದಲೇ ಆಫೀಸಿಗೆ ಕಳಿಸಿದೆ.

ಅವಳು ಹೇಳಿದ್ದು ಅಳಿಸು ಅಂತ.

ಆಫೀಸಿನವರು ವೆಬ್‌ಸೈಟಿಗೆ ಹಾಕಿ, ಮಧ್ಯಾಹ್ನಕ್ಕೇ ಫೋಟೋ ಎಲ್ಲರ ಮೊಬೈಲಲ್ಲೂ ಇತ್ತು. ಸಂಜೆ ಅದನ್ನೇ ಹಿಡಿದು ಬಂದ ಪೊಲೀಸರು ಮುನೀಂದ್ರನನ್ನ ಕರಕೊಂಡು ಹೋದರು. ನಾಳೆ ಪೇಪರಲ್ಲಾದರೂ ಮುಖ ಮಸುಕು ಮಾಡಿ ಅಂತ ಸಂಪಾದಕರನ್ನ ಬೇಡಿಕೊಂಡೆ. "ಮುಖ ಇಲ್ದಿದ್ರೆ ಅದ್ಯಾವ ಸೀಮೆ ಫೋಟೋ ಕಣಮ್ಮ" ಅಂದರು.

ಚಿಕ್ಕವೆಂಕಟಮ್ಮ ವಿಳಾಸ ಕೇಳಿಕೊಂಡು ಬಂದು ಈಗ ನಮ್ಮನೆ ಹೊಸ್ತಿಲ ಮೇಲೇ ಕೂತಿದ್ದಾಳೆ. ಬೈದಿದ್ದರೂ ಸಹಿಸಿಕೊಳ್ತಿದ್ದೆ, ಬೈತಿಲ್ಲ. ಅವಳ ಕಣ್ಣೆದುರೇ ಕ್ಯಾಮೆರಾದಲ್ಲಿದ್ದ ಐದನ್ನೂ ಅಳಿಸಿದೆ.

"ಎಲ್ಲಾ ತೆಗ್ದ್ಯಲ್ಲ ತಾಯಿ, ಈಗ ಬುಡ್ತಾರಾ ನನ್ ಮಗನ್ನ?" ಅಂದಳು.

ಬಾಗಿಲು ಹಾಕಿಕೊಳ್ಳೋಕೂ ಆಗ್ತಿಲ್ಲ, ಅವಳನ್ನ ದಾಟಿ ಆಚೆ ಹೋಗೋಕೂ ಆಗ್ತಿಲ್ಲ.